ಹ್ಯಾಂಡ್‌ಬ್ರೇಕ್ ಹೇಡಿಗಳಿಗೆ

ಕಾರು ಸರಿಯಾಗಿ ಓಡಿದರೆ ತಾನು ಓಡಿಸಿದ್ದು, ಕೆಟ್ಟರೆ ಹೆಂಡತಿ ಕೆಡಿಸಿದ್ದು. ಆ ಮನೆಯ ಯಜಮಾನನ ನ್ಯಾಯ ಇಷ್ಟೇ. ಹೆಂಡತಿ ಮನಸ್ಸಿನಲ್ಲೇ ಅವನಿಗೆ ‘ಸಾರಥಿ ಮಹಾಶಯ’ ಅಂತ ಹೆಸರಿಟ್ಟಿದ್ದಳು. ಬಾಯಿಬಿಟ್ಟು ಕರೆಯುವುದು ಮಾತ್ರ ‘ರೀ’ ಅಂತಲೇ.

ಮಹಾಶಯನ ಜಂಬವೆಲ್ಲ ಒಂದು ಏರಿನ ಮೇಲೆ ನಿಂತಿತ್ತು. ಮನೆಯ ದಾರಿಯಲ್ಲಿ ರೈಲ್ವೆ ಮೇಲ್ಸೇತುವೆ, ಅದರ ಏರಿನ ತುದಿಯಲ್ಲಿ ಸಿಗ್ನಲ್. ಮಿಕ್ಕವರು ಅಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ತೆಪ್ಪಗೆ ಕೂರುತ್ತಾರೆ. ಈತನಿಗೆ ಅದು ಅವಮಾನ! ಕ್ಲಚ್ಚನ್ನು ಅರ್ಧ ಒತ್ತಿ, ಆಕ್ಸಿಲರೇಟರ್ ಮೇಲೂ ಒಂದು ಕಾಲಿಟ್ಟು, ಕಾರು ಹಿಂದಕ್ಕೂ ಜಾರದಂತೆ ಮುಂದಕ್ಕೂ ಹೋಗದಂತೆ ಹಿಡಿದು ನಿಲ್ಲಿಸುತ್ತಿದ್ದ. “ನೋಡು, ಒಂದಿಂಚು ಅಲ್ಲಾಡಿತಾ? ಇದಕ್ಕೆ ಕಂಟ್ರೋಲ್ ಅಂತಾರೆ. ಹ್ಯಾಂಡ್‌ಬ್ರೇಕ್ ಹೇಡಿಗಳಿಗೆ.” ಹಿಂದಿನ ಸೀಟಿನಲ್ಲಿ ಅವನ ತಾಯಿ ಮಗನ ವಿದ್ಯೆಗೆ ಉಬ್ಬಿಹೋಗುತ್ತಿದ್ದರು. ಅಲ್ಲಿ ಕ್ಲಚ್ ಉಜ್ಜಿ ಸುಟ್ಟ ವಾಸನೆ ಬಂತೋ, ಅದಕ್ಕೂ ಅವನ ಬಳಿ ಉತ್ತರ ರೆಡಿ: “ಬೆಳಗ್ಗೆ ಇವಳು ಓಡಿಸಿದ್ದಳಲ್ಲ, ಅದರದ್ದು.” ಬೆಳಗಿನ ವಾಸನೆ ಸಂಜೆಯವರೆಗೂ ಕಾರಿನಲ್ಲಿ ಕಾದು ಕೂತಿರುತ್ತದಂತೆ, ಅಬ್ಬಬ್ಬಾ!

ಕೊನೆಗೆ ಒಂದು ದಿನ ಇಂಜಿನ್ ಬೊಬ್ಬೆ ಹೊಡೆದರೂ ಕಾರು ತೆವಳತೊಡಗಿತು. ಕ್ಲಚ್ ಪ್ಲೇಟ್ ಸವೆದು ಹೋಗಿತ್ತು. ಮಹಾಶಯ ಅವಳ ಪರ್ಸಿನಿಂದ ಕೀ ತೆಗೆದುಕೊಂಡ. “ರಿಪೇರಿ ಆದಮೇಲೂ ಇದು ನನ್ನ ಹತ್ರಾನೇ ಇರುತ್ತೆ. ಕ್ಲಚ್ ತುಳಿಯೋಕೆ ಬರದವರಿಗೆ ಕಾರು ಯಾಕೆ?”

ಊರಿನ ಇನ್ನೊಂದು ತುದಿಯ ರಕ್ತಪರೀಕ್ಷೆ ಲ್ಯಾಬಿನಲ್ಲಿ ಅವಳಿಗೆ ಬೆಳಗಿನ ಪಾಳಿ. ಅಷ್ಟು ಹೊತ್ತಿಗೆ ಆ ಕಡೆ ಬಸ್ಸೇ ಇಲ್ಲ. ಕೀ ಹೋದರೆ ಕೆಲಸವೂ ಹೋದಂತೆ. ಅದು ಅವನಿಗೆ ಗೊತ್ತಿಲ್ಲದ್ದೇನಲ್ಲ. “ಕೆಲಸ ಬಿಟ್ಟರೆ ಬಿಡು, ಏನು ಮುಳುಗಿಹೋಗುತ್ತೆ?” ಅಂದ ಪುಣ್ಯಾತ್ಮ, ಟವೆಲ್ಲಿನಲ್ಲಿ ಮುಖ ಒರೆಸಿಕೊಳ್ಳುತ್ತಾ.

ಗ್ಯಾರೇಜಿನ ಮೆಕ್ಯಾನಿಕ್ ಇವನಿಗೆ ತಕ್ಕ ಜೋಡಿ. ಗೇರ್‌ಬಾಕ್ಸ್ ಇಳಿಸಿ, ಹಳೇ ಪ್ಲೇಟನ್ನು ಹೊರಗೆ ತಂದು ತೋರಿಸಿದ. ಸವೆದು ಸವೆದು ರಿವಿಟ್ಟುಗಳು ಹಲ್ಲು ಕಿರಿಯುತ್ತಿದ್ದವು.

“ಯಾರು ಓಡಿಸ್ತಾರೆ ಸಾರ್?”

“ಮನೆಯವರೂ ಓಡಿಸ್ತಾರೆ.”

“ಅಷ್ಟೇ ಮತ್ತೆ! ಲೇಡೀಸ್ ಕಾಲು ಕ್ಲಚ್ ಬಿಟ್ಟು ಏಳೋದೇ ಇಲ್ಲ ಸಾರ್.”

ಅವಳ ಕಾಲನ್ನು ಆ ಮನುಷ್ಯ ಒಂದು ಸಲವೂ ನೋಡಿದವನಲ್ಲ. ಗಿರಾಕಿಯ ಮುಖ ನೋಡಿ ಮಾತಾಡುವುದೊಂದನ್ನು ಕಲಿತಿದ್ದ. ಮಹಾಶಯ ಹಿರಿಹಿರಿ ಹಿಗ್ಗಿ, ಹಳೇ ಪ್ಲೇಟನ್ನು ಪೇಪರಿನಲ್ಲಿ ಕಟ್ಟಿಸಿಕೊಂಡ. ಅಲ್ಲೇ ನಿಂತು ತನ್ನ ಅಣ್ಣನಿಗೆ ಫೋನು: “ಸಂಜೆ ಮನೆಗೆ ಬಾ. ಇವಳು ಏನು ಮಾಡಿದಾಳೆ ಅಂತ ಸಾಕ್ಷಿ ಸಮೇತ ತೋರಿಸ್ತೀನಿ.”

ಹೊಸ ಕ್ಲಚ್ ಹಾಕಿದ ಕಾರು, ಪಕ್ಕದಲ್ಲಿ ಹೆಂಡತಿಯನ್ನೂ ಕೂರಿಸಿಕೊಂಡು, ಬೆಣ್ಣೆಯಂತೆ ಹೊರಟಿತು. ದಾರಿಯಲ್ಲಿ ಕಣ್ಣಾಸ್ಪತ್ರೆಯಿಂದ ಅತ್ತೆಯನ್ನು ಹತ್ತಿಸಿಕೊಂಡರು. ಪರೀಕ್ಷೆಗೆಂದು ಕಣ್ಣಿಗೆ ಔಷಧ ಬಿಟ್ಟಿದ್ದರಿಂದ ಅವರಿಗೆ ಎಲ್ಲವೂ ಮಂಜುಮಂಜು. ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಒರಗಿದರು. ಸೀಟು ಕೊಳೆಯಾಗಬಾರದಂತೆ, ಪ್ಲೇಟಿನ ಪೊಟ್ಟಣ ಅವರ ತೊಡೆಯ ಮೇಲೆ!

ಮೇಲ್ಸೇತುವೆ ಬಂತು. ಸಿಗ್ನಲ್ ಕೆಂಪಾಗಿತ್ತು, ಮುಂದೆ ಲಾರಿಯೊಂದು ಕೆಟ್ಟು ನಿಂತಿತ್ತು. ಮಹಾಶಯ ಹೆಂಡತಿಯ ಕಡೆ ಓರೆನೋಟ ಬೀರಿ ತನ್ನ ವಿದ್ಯೆ ಶುರುಮಾಡಿದ. ಸಿಗ್ನಲ್ ಹಸಿರಾಯಿತು, ಮತ್ತೆ ಕೆಂಪಾಯಿತು. ಇಂಜಿನ್ ಗುರ್ರೆನ್ನುತ್ತಲೇ ಇತ್ತು. ಅವನ ಎಡಗಾಲು ನಡುಗುವುದನ್ನು ಅವಳು ನೋಡಿದಳು. ಹ್ಯಾಂಡ್‌ಬ್ರೇಕ್ ಹಾಕಿ ಅಂತ ಹೇಳೋಣವೆಂದು ಬಾಯಿತನಕ ಬಂದಿತ್ತು. ಹೇಳಿದರೆ ಯಾರು ಕೇಳುತ್ತಾರೆ ಅಂತ ನುಂಗಿಕೊಂಡಳು.

ಘಾಟು ಮೆಲ್ಲಗೆ ಒಳಗೆ ಬಂತು.

ಹಿಂದೆ ಅತ್ತೆಯ ಮೂಗು ಅರಳಿತು. ಮೊದಲು ಪೊಟ್ಟಣ ಎತ್ತಿ ಮೂಸಿದರು. ಇದರದ್ದಲ್ಲ. ಅಷ್ಟೇ ಸಾಕು, ಕಣ್ಣು ಮುಚ್ಚಿಕೊಂಡೇ ಶುರುಹಚ್ಚಿದರು: “ಅಯ್ಯೋ, ಹೊಸದು ಹಾಕಿಸಿದ ದಿನವೇ ಇವಳ ಕೈಗೆ ಕೊಟ್ಟೆಯಲ್ಲೋ! ನೋಡು, ಆಗಲೇ ಸುಡ್ತಿದಾಳೆ! ಬಾಯಲ್ಲಿ ಮಾತ್ರ ಕೀ ಕೊಡಲ್ಲ ಅಂತೀಯ, ಹೆಂಡ್ತಿ ಕೇಳಿದ ತಕ್ಷಣ ಕರಗಿಹೋಗ್ತೀಯ!”

“ಅತ್ತೆ,” ಅಂದಳು ಅವಳು, ನಗು ತಡೆದುಕೊಂಡು, “ನಾನು ಪಕ್ಕದ ಸೀಟಲ್ಲಿ ಕೂತಿದೀನಿ. ಓಡಿಸ್ತಿರೋದು ನಿಮ್ಮ ಮಗ.”

ಅತ್ತೆ ಕಣ್ಣು ಬಿಟ್ಟರು. ಏನೂ ಕಾಣಲಿಲ್ಲ. ಕೈಚಾಚಿ ಮುಂದಿನ ಎರಡೂ ಸೀಟು ತಡವಿದರು. ಎಡಗಡೆಯದರ ಮೇಲೆ ಜಡೆ ಸಿಕ್ಕಿತು, ಸ್ಟೀರಿಂಗ್ ಕಡೆಯದರಲ್ಲಿ ಬೋಳುತಲೆ.

“ಹಂಗಾದ್ರೆ ದಿನಾ ಬರ್ತಿದ್ದ ವಾಸನೆ...?”

“ಹೊಸ ಕ್ಲಚ್ ಅಮ್ಮಾ, ಮೊದಮೊದಲು ಹಂಗೇ,” ಎಂದು ಮಹಾಶಯ ತೊದಲಿದ.

“ಹೊಸದಕ್ಕೆ ಹಳೇ ವಾಸನೆ ಯಾಕೋ ಬರುತ್ತೆ? ಮೊದಲು ನಿಲ್ಲಿಸೋ ಅದನ್ನ!”

ಕರ್ರೆಂದು ಹ್ಯಾಂಡ್‌ಬ್ರೇಕ್ ಏರಿತು. ಇಷ್ಟು ವರ್ಷದಲ್ಲಿ ಆ ಏರಿನಲ್ಲಿ ಅವನು ಅದನ್ನು ಮುಟ್ಟಿದ್ದು ಅದೇ ಮೊದಲು. ಲಾರಿಯನ್ನು ಪಕ್ಕಕ್ಕೆ ತಳ್ಳಿದ ಮೇಲೆ ಕಾರು ನೆಟ್ಟಗೆ ಮನೆ ಸೇರಿತು.

ಬಾಗಿಲಲ್ಲಿ ಭಾವ ಹಲ್ಲು ಬಿಟ್ಟುಕೊಂಡು ನಿಂತಿದ್ದರು. “ಎಲ್ಲಪ್ಪಾ, ನಿನ್ನ ಹೆಂಡ್ತಿ ಸುಟ್ಟ ಪ್ಲೇಟು?”

ಮಹಾಶಯನಿಗೆ ಇದ್ದಕ್ಕಿದ್ದಂತೆ ಟೈರು ನೋಡುವ ಕೆಲಸ ನೆನಪಾಯಿತು, ಬಗ್ಗಿದ. ಅತ್ತೆಯೇ ಸೊಸೆಯ ತೋಳು ಹಿಡಿದು ಇಳಿದು, ಪೊಟ್ಟಣವನ್ನು ಹಿರಿಮಗನ ಕೈಗಿತ್ತರು. “ತಗೋ. ಇದು ನಿನ್ನ ತಮ್ಮ ಸುಟ್ಟಿದ್ದು. ಹೊಸದಕ್ಕೂ ಕೈ ಹಾಕಿದ್ದ, ಹೇಗೋ ಉಳೀತು.”

ಅವಳು ಗಂಡನ ಮುಂದೆ ಹೋಗಿ ಅಂಗೈ ಚಾಚಿದಳು. ಅವನು ಅಣ್ಣನ ಕಡೆ ನೋಡಿದ, ಅಮ್ಮನ ಕಡೆ ನೋಡಿದ, ಕೀ ಇಟ್ಟ. ಆದರೂ ಬಾಯಿ ಸುಮ್ಮನಿದ್ದೀತೇ? “ಏರಿನಲ್ಲಿ ಹುಷಾರು,” ಅಂದ.

“ಹುಷಾರಾಗೇ ಇರ್ತೀನಿ ಬಿಡಿ,” ಅಂದಳು. “ನಾನು ಮೊದಲಿಂದಲೂ ಹೇಡಿ ಅಲ್ವಾ?”