ಯುಗಾದಿಯ ಕಂಬಳಿ

"ಹೆಬ್ಬಟ್ಟು ಒತ್ತು, ಜಲ್ದಿ," ಎಂದ ಬಸವಂತ್ರಾಯಗೌಡ. ಕೈ ತಾಗಬಾರದೆಂದು ಪೆನ್ನಿನ ತುದಿಯಿಂದಲೇ ಕಾಗದವನ್ನೂ ಮಸಿಡಬ್ಬಿಯನ್ನೂ ಯಂಕಮ್ಮನತ್ತ ದೂಡಿದ.

ಯಂಕಮ್ಮ ಹೆಬ್ಬೆರಳನ್ನು ಮಸಿಗೆ ಅದ್ದಿದಳು. ಯಾದಗಿರಿ ಕೋರ್ಟಿನ ಪಡಸಾಲೆಯ ಗಡಿಯಾರ ನಾಲ್ಕೂ ಕಾಲು ತೋರಿಸುತ್ತಿತ್ತು. ಐದಕ್ಕೆ ಬಾಗಿಲು ಮುಚ್ಚುತ್ತದೆ. ನಾಳೆಯಿಂದ ಬೇಸಿಗೆ ರಜೆ, ತಿಂಗಳು ಪೂರ್ತಿ.

ನಾಲ್ಕು ವರ್ಷದಲ್ಲಿ ಹನ್ನೊಂದು ಸಾಕ್ಷಿಗಳ ಪೈಕಿ ಒಬ್ಬನನ್ನೂ ಕೇಳಿಲ್ಲ, ಹೀಗೇ ಒಳಗೆ ಕೊಳೆಹಾಕಲಾಗದು ಎಂದು ಜಡ್ಜು ನಿನ್ನೆ ಅವಳ ಗಂಡ ಅಂಬ್ರಪ್ಪನಿಗೆ ಜಾಮೀನು ಬರೆದಿದ್ದರು. ಆದರೆ ಹೊಲವಿದ್ದವನೊಬ್ಬ ಪಹಣಿ ಇಟ್ಟು ಹೊಣೆ ನಿಲ್ಲಬೇಕು. ಗಾಂಜಾ ಕೇಸು ಎಂದೊಡನೆ ಊರಲ್ಲಿ ಹೊಲವಿದ್ದವರೆಲ್ಲ ಮುಖ ತಿರುವಿದರು. ಜೈಲಿನ ಜಾಲರಿಯಾಚೆ ಅಂಬ್ರಪ್ಪ ಕೆಮ್ಮಿ ಕೆಮ್ಮಿ ನೆಲಕ್ಕೆ ಕೂತುಬಿಟ್ಟಿದ್ದ. "ಹ್ಯಾಂಗರೆ ಮಾಡಿ ತಗಿ. ಇನ್ನ ತಡ್ಯಾಂಗಿಲ್ಲ," ಎಂದಿದ್ದ.

ಪಹಣಿ ಹಿಡಿದು ಬಂದವನು ಗೌಡನೊಬ್ಬನೇ, ಈ ಕಾಗದಕ್ಕೆ ಒತ್ತಿದರೆ ಮಾತ್ರ ಎಂಬ ಕರಾರಿನ ಮೇಲೆ. ಗಾಂಜಾ ಗಿಡ ಸಿಕ್ಕಿದ್ದು ಇದೇ ಗೌಡನ ಹತ್ತಿಹೊಲದ ಸಾಲುಗಳ ನಡುವೆ. ಪೊಲೀಸರು ಬಂದ ಹೊತ್ತಿಗೆ ಸಂಬಳಕ್ಕಿದ್ದ ಅಂಬ್ರಪ್ಪ ಅಲ್ಲಿ ಕಾಲುವೆ ನೀರು ತಿರುವುತ್ತಿದ್ದ. ಗೌಡ ಊರಲ್ಲೇ ಇರಲಿಲ್ಲ. ಕೇಸಿನಲ್ಲೂ ಇಲ್ಲ.

"ಇದರಾಗ ಏನ್ ಬರದಾರ್ರಿ, ವಕೀಲ್ ಸಾಬ್ರ?" ಎಂದಳು ಯಂಕಮ್ಮ.

ಸರ್ಕಾರ ಕೊಟ್ಟ ವಕೀಲ ನಸೀರುದ್ದೀನ ಕಾಗದ ಓದಿ ಕನ್ನಡಕ ತೆಗೆದ. "ತಾರೀಖು ನಾಕ್ ವರ್ಷದ ಹಿಂದಿಂದು. ಕಾಲುವಿ ಕಡಿ ಹೊಲಾ ನೀವಿಬ್ರೂ ಪಾಲಿಗೆ ಮಾಡಿದ್ರಿ, ಏನ್ ಬೆಳದ್ರೂ ನಿಮ್ಮದಾ, ಗೌಡ್ರು ಆ ಕಡಿ ಹಾಯ್ದೇ ಇಲ್ಲ ಅಂತ ಐತಿ."

"ಒತ್ತಿದ್ರ?"

"ಇವತ್ತ ಹೊರಗ ಬರ್ತಾನ. ನಾಳಿ ಕೇಸ್ ನಡದಾಗ ಇದಾ ಅವನ ಕೊಳ್ಳಿಗೆ ಉರ್ಲು."

"ನೀವೇನಂತೀರಿ?"

"ಒತ್ತು ಅನ್ನಾಕ ನಾಲಿಗಿ ಏಳವಲ್ದು. ಬ್ಯಾಡ ಅಂದ್ರ ಅವನ ಕೆಮ್ಮು ನಾ ಕೆಮ್ಮತೇನೇನವ್ವಾ?"

ಗೌಡ ನಕ್ಕ. "ಯಂಕಿ, ಗಂಡ ಬೇಕೋ, ಕಾಯ್ದೆ ಬೇಕೋ? ನಮ್ಮನಿ ಉಪ್ಪು ಉಂಡಾನಂತ ನಾ ಬಂದೇನಿ. ಇಲ್ಲಂದ್ರ ಪಹಣಿ ನಿಮ್ಮಪ್ಪ ತರ್ತಿದ್ನೇನು?"

ಬೆರಳು ಕಾಗದದ ಮೇಲೆ ಗೇಣು ದೂರದಲ್ಲಿ ನಿಂತಿತು. ಇನ್ನೊಂದು ತೋಳಿನ ಮೇಲೆ ಕರಿ ಕಂಬಳಿಯಿತ್ತು. ಚಳಿಜ್ವರದ ಗಂಡನಿಗೆ ಹೊದಿಸಿ ಕರೆದೊಯ್ಯಲು ತಂದದ್ದು. ಯುಗಾದಿಗೆ ಯುಗಾದಿಗೆ ಗೌಡರ ಮನೆಯ ಕಟ್ಟೆಯಿಂದ ಸಂಬಳದ ಆಳಿಗೆ ಒಂದು ಕಂಬಳಿ, ಒಂದು ಜೋಡು ಚಪ್ಪಲಿ ಬೀಳುತ್ತದೆ. ಹಿಡಿದವನು ಮುಂದಿನ ಯುಗಾದಿಯವರೆಗೆ ಆ ಮನೆಯ ಆಳು. ಪಾಲಿಗೆ ಮಾಡುವವನಿಗೆ ಈ ಮರ್ಯಾದೆಯೂ ಇಲ್ಲ, ಈ ಬೇಡಿಯೂ ಇಲ್ಲ.

"ಗೌಡ್ರ, ಪಾಲಿನಾವಂಗ ಕಂಬಳಿ ಕೊಡ್ತಾರೇನ್ರಿ?"

"ಯಾವ ಕಂಬಳಿ?"

"ಇದಾ. ಆ ವರ್ಷದ್ದು. ನೀವು ಕಟ್ಟಿ ಮ್ಯಾಲಿಂದ ಒಗದ್ರಿ, ನಾನಾ ಸೆರಗೊಡ್ಡಿ ಹಿಡ್ದೆ. ಊರ ಮಂದಿ ಕುಂತಿದ್ರು. ಅಂಚಿಗೆ ನಿಮ್ಮನಿ ಕೆಂಪು ದಾರ ಐತಿ ನೋಡ್ರಿ."

ಗೌಡ ನೋಡಿದ. ನಗು ಆರಿತು. "ಹಳೀ ಕಂಬಳಿ ಸಾಕ್ಷಿ ಹೇಳ್ತೈತೇನ? ಕೊಡಿಲ್ಲಿ," ಎಂದು ಚುಂಗು ಹಿಡಿದು ಎಳೆದ. ಯಂಕಮ್ಮ ಬಿಡಲಿಲ್ಲ. ಕಟ್ಟೆಯಿಂದ ಎಸೆದ ಕೈ ಈಗ ಅವಳ ಬೆರಳಿಗೆ ತಾಗಿತು.

ನಸೀರುದ್ದೀನ ಕನ್ನಡಕ ಏರಿಸಿ ನಡುವೆ ಬಂದು ನಿಂತ. "ಬಿಡ್ರಿ ಗೌಡ್ರ, ಇದು ಕೋರ್ಟು. ಅವ್ವಾ, ಅದನ್ನ ಯಾರ ಕೈಗೂ ಕೊಡಬ್ಯಾಡ. ಜಡ್ಜ್ ಸಾಹೇಬ್ರ ಮುಂದ ಹಾಸೋ ದಿನಾ ಬರೋತನ ಕಾಯ್ಕೋ."

"ಆ ದಿನಾ ಯಾವಾಗ್ರಿ?"

ಯಂಕಮ್ಮ ಹೆಬ್ಬೆಟ್ಟು ಒತ್ತದ ಕಾಗದವನ್ನು ಗೌಡನತ್ತ ದೂಡಿದಳು.

ಒಳಗಿಂದ ಜವಾನ ಕೂಗಿದ: "ಅಂಬ್ರಪ್ಪಗ ಜಾಮೀನು ನಿಲ್ಲಾವ್ರು ಯಾರ್ರೀ?" ಗೌಡ ಪಹಣಿಯನ್ನು ಪ್ಲಾಸ್ಟಿಕ್ ಕವರಿನೊಳಗೆ ತೂರಿಸಿ ಮೆಟ್ಟಿಲಿಳಿದ. ಜವಾನ ಇನ್ನೊಮ್ಮೆ ಕೂಗಿದ. ಯಂಕಮ್ಮ ನಿಂತೇ ಇದ್ದಳು.

ಮರುದಿನ ಮುಂಜಾನೆ ಜೈಲಿನ ಕಿಟಕಿಯ ಮುಂದೆ ನಿಂತಾಗಲೂ ಕಂಬಳಿ ಅವಳ ಜೊತೆಯಲ್ಲೇ ಇತ್ತು. ಮನೆಯಲ್ಲಿ ಬಿಟ್ಟುಬರಲು ಧೈರ್ಯ ಸಾಲಲಿಲ್ಲ. ಗೌಡನ ಕಾಗದಕ್ಕೆ ಒತ್ತಲಿಲ್ಲವೆಂದಷ್ಟೇ ಹೇಳಿ, ತನ್ನ ಇನ್ನೊಂದು ಸೀರೆಯನ್ನು ಮಡಚಿ ಕಾವಲಿನವನ ಕೈಗಿತ್ತಳು.

ಅಂಬ್ರಪ್ಪ ಬಹಳ ಹೊತ್ತು ಕೆಮ್ಮಿದ. ಬೈಯಲಿಲ್ಲ. ಸೀರೆಯನ್ನು ಹೆಗಲಿಗೆ ಸುತ್ತಿಕೊಂಡು, "ಚಳಿ ಬಿಡವಲ್ದು. ಕಂಬಳಿ ತಂದಿಲ್ಲೇನು?" ಎಂದ.

"ಇಲ್ಲ," ಎಂದಳು.

ಕಿಟಕಿಯ ಕೆಳಗೆ, ಅವನಿಗೆ ಕಾಣದಂತೆ, ಕಂಬಳಿಯನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದಿದ್ದಳು. ಮಸಿ ಬಿಡದ ಹೆಬ್ಬೆರಳೊಂದನ್ನು ಮಾತ್ರ ಕೆಂಪು ದಾರಕ್ಕೆ ತಾಗದಂತೆ ಆಚೆ ಚಾಚಿದ್ದಳು.