ಕಣ್ಣಾಸ್ಪತ್ರೆಯ ಗಡ್ಡಗಳು

ಕ್ಷೌರದಂಗಡಿಯವನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಈ ಸಂಗತಿ ತನಗೂ ತನ್ನ ಹೆಂಡತಿಗೂ ಬಿಟ್ಟರೆ ಇನ್ನೊಂದು ನರಪಿಳ್ಳೆಗೂ ಗೊತ್ತಿಲ್ಲವೆಂದು ಅವನು ನಂಬಿದ್ದ. ಗೊತ್ತಾದರೆ ಗತಿಯೇನು? ಕಣ್ಣು ಕಾಣದವನ ಕತ್ತಿಗೆ ಕತ್ತು ಕೊಡುವ ಧೈರ್ಯ ಯಾರಿಗಿದೆ? ಅದಕ್ಕೇ ಬೆರಳಲ್ಲಿ ದವಡೆ ಸವರಿ, ಕತ್ತಿಯ ಸದ್ದು ಕೇಳಿ, ಅಂದಾಜಿನ ಮೇಲೆ ಗಡ್ಡ ತೆಗೆಯುತ್ತಿದ್ದ. ಬಾಯಿಗೆ ಮಾತ್ರ ಬಿಡುವಿರಲಿಲ್ಲ. ಆದರೂ ಗಿರಾಕಿಗಳು ಒಬ್ಬೊಬ್ಬರಾಗಿ ಪಕ್ಕದ ಬೀದಿಯ ಅಂಗಡಿಗೆ ಜಾರುತ್ತಿದ್ದರು.

"ಧರ್ಮಾಸ್ಪತ್ರೇಲಿ ಪುಕ್ಕಟೆ ಆಪರೇಷನ್ ಮಾಡ್ತಾರಂತೆ, ಹೋಗ್ಬನ್ನಿ," ಎಂದಳು ಹೆಂಡತಿ.

"ಸಾಲಲ್ಲಿ ನಿಂತು ನಾನು ಕುರುಡ ಅಂತ ಡಂಗುರ ಹೊಡೀಲಾ?"

"ಹೊಡೆಯೋಕಾದ್ರೂ ಡಂಗುರ ಎಲ್ಲಿದೆ ಅಂತ ಕಾಣ್ಬೇಕಲ್ಲ!"

ಅಷ್ಟರಲ್ಲಿ ಆಸ್ಪತ್ರೆಯವರೇ ಅವನಿಗೆ ಹೇಳಿಕಳಿಸಿದರು. ಆಪರೇಷನ್ನಿಗೆ ಮುಂಚೆ ಗಂಡಸರೆಲ್ಲ ಗಡ್ಡ ತೆಗೆಸಿಕೊಂಡು ಶುಚಿಯಾಗಿರಬೇಕೆಂಬುದು ಅಲ್ಲಿಯ ನಿಯಮ. ರೋಗಿಗಳೆಲ್ಲ ಬಡವರು, ಮುಳ್ಳುಹಂದಿಗಳಂತೆ ಬಂದು ಕೂತಿದ್ದರು. ದಿನಾ ಬರುವ ಕ್ಷೌರಿಕ ಜ್ವರ ಬಂದು ಮಲಗಿದ್ದ. ಇವನು ಪೆಟ್ಟಿಗೆ ಎತ್ತಿಕೊಂಡು ಕುಣಿದಾಡಿದ.

"ನೋಡೇ, ನೆಟ್ಟಗೆ ಕಣ್ಣು ಕಾಣೋನು ಅಲ್ಲಿ ಒಬ್ಬನೂ ಇಲ್ಲ! ಇಂಥ ಗಿರಾಕಿಗಳು ಹುಡುಕಿದ್ರೂ ಸಿಗ್ತಾರಾ?"

ಆಸ್ಪತ್ರೆಯ ಬಾಗಿಲ ಮೇಲೆ ದಾನಿ ಸಾಹುಕಾರರ ಹೆಸರನ್ನು, ಪೊರೆ ಬಂದವರಿಗೂ ಕಾಣಲಿ ಎಂಬ ಕರುಣೆಯಿಂದಲೋ ಏನೋ, ಆಳೆತ್ತರದ ಅಕ್ಷರಗಳಲ್ಲಿ ಬರೆಸಿದ್ದರು. ಒಳಗೆ ಬೆಂಚಿನ ಮೇಲೆ ಕೂತವರಲ್ಲಿ ಒಬ್ಬ ಅವನದೇ ಬೀದಿಯ ಗಾರೆ ಮೇಸ್ತ್ರಿ, ಹಳೆಯ ಗಿರಾಕಿ.

"ಅಣ್ಣಾ, ನಿನ್ನ ಮುಖ ನಂಗೆ ಮಂಜು ಮಂಜು."

"ನನ್ನ ಮುಖ ಕಟ್ಕೊಂಡು ಏನ್ಮಾಡ್ತೀಯ? ನಿನ್ನ ಮುಖ ಇತ್ತ ಕೊಡು."

ಹಾಡು ಗುನುಗುತ್ತಾ ಸಾಲಿಗೆ ಸಾಲೇ ಮುಗಿಸಿದ. ಹೂವಿನಂಥ ಕೈ ಎಂದು ಎಲ್ಲರೂ ಹೊಗಳಿದರು. ನರ್ಸಮ್ಮ ಆ ಮುಖಗಳನ್ನು ಕಂಡಾಗ ಅವನು ಹೊರಟುಹೋಗಿದ್ದ. ಕಣ್ಣಿಗೆ ಮದ್ದು ಹಾಕುವ ಗಡಿಬಿಡಿಯಲ್ಲಿ ಮೀಸೆ ನೋಡುತ್ತಾ ಕೂರಲು ಅವಳಿಗೆಲ್ಲಿ ಪುರಸೊತ್ತು?

ಆಪರೇಷನ್ ಆಗಿ, ಪಟ್ಟಿ ಬಿಚ್ಚುವ ಬೆಳಗ್ಗೆ ಬಿಳಿ ಬಟ್ಟೆಯ ದಾನಿ ಸಾಹುಕಾರರು ಫೋಟೋದವನೊಂದಿಗೆ ಬಂದು ನಿಂತರು. ಕಣ್ಣು ತೆರೆದವರು ಮೊದಲು ತಮ್ಮನ್ನೇ ನೋಡಲಿ ಎಂದು ಅವರ ಆಸೆ. ಆದರೆ ಮೇಸ್ತ್ರಿ ಕಣ್ಣು ಬಿಟ್ಟವನೇ ಎದುರು ಮಂಚದವನನ್ನು ನೋಡಿ ಗಹಗಹಿಸಿದ.

"ನಿನ್ನ ಅರ್ಧ ಮೀಸೆ ಯಾರಯ್ಯ ಮೇಯ್ದಿದ್ದು?"

"ನಂದು ಬಿಡು. ನಿನ್ನ ಗಲ್ಲದ ಮೇಲಿನ ಪೊದೇಲಿ ಮೊಲ ಇದ್ರೂ ಇರಬಹುದು!"

ವಾರ್ಡಿಗೆ ವಾರ್ಡೇ ಹೊಟ್ಟೆ ಹಿಡಿದುಕೊಂಡಿತು. ಫೋಟೋದವನು ಕ್ಯಾಮೆರಾ ಕೆಳಗಿಳಿಸಿದ.

"ಈ ಫೋಟೋ ಹಾಕಿದ್ರೆ ಜನ ಇದನ್ನ ಆಸ್ಪತ್ರೆ ಅಂತಾರಾ, ಸರ್ಕಸ್ ಅಂತಾರಾ?" ಎಂದು ಸಾಹುಕಾರರು ಸಿಡುಕಿದರು. "ಕರೀರಿ ಆ ಕ್ಷೌರದವನನ್ನ!"

ಅವನು ಗತ್ತಿನಿಂದಲೇ ಬಂದ. ಎದುರಿಗೆ ಬೆಳ್ಳಗೆ ಕಂಡ ಆಕಾರಕ್ಕೆ ಕೈಮುಗಿದು, "ಹೇಳಿಕಳಿಸಿದ್ರಂತೆ ನರ್ಸಮ್ಮಾ?" ಎಂದ.

ಸಾಹುಕಾರರು ತಮ್ಮ ಬಿಳಿ ಬಟ್ಟೆಯನ್ನೊಮ್ಮೆ ನೋಡಿಕೊಂಡರು. ನಿಜವಾದ ನರ್ಸಮ್ಮ ಬಂದು ಅವನ ಗದ್ದ ಹಿಡಿದು ಟಾರ್ಚ್ ಬಿಟ್ಟಳು.

"ಪೊರೆ ಬಲಿತು ಕೂತಿದೆ ಅಣ್ಣಾ. ನಾಳೆ ನೀವೇ ಟೇಬಲ್ ಮೇಲೆ ಮಲಗಿ."

"ಆಗಲ್ಲ ತಾಯಿ." ಗತ್ತೆಲ್ಲ ಇಳಿದಿತ್ತು. "ಬೀದಿಗೆ ಗೊತ್ತಾದ್ರೆ ನನ್ನ ಅಂಗಡಿ ಮುಚ್ಚಿದ ಹಾಗೇನೇ."

"ಬೆಕ್ಕು ಕಣ್ಮುಚ್ಚಿ ಹಾಲು ಕುಡಿದ ಹಾಗಿದೆ ನಿನ್ನ ಕತೆ," ಎಂದ ಮೇಸ್ತ್ರಿ. "ಇಡೀ ಬೀದಿಗೇ ಗೊತ್ತು ಕಣಣ್ಣಾ. ನೀನು ಬಿಟ್ಟಿದ್ದನ್ನ ನನ್ನ ಹೆಂಡ್ತಿ ಮನೇಲಿ ಕತ್ತರಿ ಹಿಡಿದು ಸರಿ ಮಾಡ್ತಿದ್ಳು."

"ಮತ್ತೆ ಯಾಕೋ ಬರ್ತಿದ್ದೆ?"

"ನಿನ್ನ ಮಾತು ಕೇಳೋಕೆ. ಪಕ್ಕದ ಬೀದಿಯೋನು ಬರೀ ಗಡ್ಡ ತೆಗೀತಾನೆ. ಆದ್ರೆ ಈಗ ನಂಗೂ ಕಣ್ಣು ಕಾಣುತ್ತಲ್ಲ, ನಿನ್ನ ಕೈಲಿ ಕತ್ತಿ ನೋಡಿದ್ರೆ ಎದೆ ಝಲ್ ಅನ್ನುತ್ತೆ."

ಕ್ಷೌರದವನು ಮಂಚದ ಅಂಚಿಗೆ ಕೂತು ಪೆಟ್ಟಿಗೆಯ ಮುಚ್ಚಳ ಸವರಿದ. ಆಮೇಲೆ ಪೆಟ್ಟಿಗೆಯನ್ನು ನರ್ಸಮ್ಮನ ಕೈಗೆ ಕೊಟ್ಟು, "ಎಲ್ಲಿ ಮಲಗ್ಬೇಕು ಹೇಳಿ," ಎಂದ.

ಡಾಕ್ಟರು ಹೇಳಿದ ಪಥ್ಯವೆಲ್ಲ ಮುಗಿದ ಮೇಲೆ ಅಂಗಡಿಯ ಬಾಗಿಲು ತೆರೆಯಿತು. ಮೊದಲು ಕೂತವನು ಮೇಸ್ತ್ರಿ. ಮಿಕ್ಕವರು ತಂತಮ್ಮ ಗದ್ದ ಹಿಡಿದುಕೊಂಡು ಹೊಸ್ತಿಲಾಚೆಯೇ ನಿಂತರು. ಕತ್ತಿ ಕತ್ತಿನ ಹತ್ತಿರ ಬಂದದ್ದೇ ತಡ, ಅವನ ಕೈ ನಿಂತಿತು. ಮೇಸ್ತ್ರಿಯ ತೆಳು ಚರ್ಮದಡಿ ನರ ಪಟಪಟ ಬಡಿಯುತ್ತಿತ್ತು.

"ಏನಾಯ್ತಣ್ಣಾ?"

"ನಿನ್ನ ನರ ಕಾಣ್ತಿದೆ ಕಣೋ."

"ಕಾಣದಿದ್ದಾಗ ಇರ್ಲಿಲ್ವಾ? ನಡೀಲಿ."

ಅವನು ಬೆವರು ಒರೆಸಿಕೊಂಡು, ಹೆಣ್ಣು ನೋಡಲು ಬಂದವನಂತೆ ಬಾಯಿ ಹೊಲಿದುಕೊಂಡು, ಕೂದಲು ಕೂದಲನ್ನೂ ನೋಡಿ ನೋಡಿ ತೆಗೆದ. ಮೇಸ್ತ್ರಿ ಎರಡು ಸಲ ಆಕಳಿಸಿದ. "ಆಕಳಿಸ್ಬೇಡ್ವೋ, ಕೊಯ್ದೀತು!" ಎಂದದ್ದು ಬಿಟ್ಟರೆ ಬೇರೆ ಮಾತೇ ಇಲ್ಲ.

ಕೊನೆಗೆ ಮೇಸ್ತ್ರಿ ಕನ್ನಡಿಯಲ್ಲಿ ಆ ಕಡೆ, ಈ ಕಡೆ ತಿರುಗಿ ತಪ್ಪು ಹುಡುಕಿದ. ಸಿಗಲಿಲ್ಲ. ಎದ್ದು ಬಾಗಿಲಲ್ಲಿದ್ದವರಿಗೆ ಹೇಳಿದ:

"ಗಡ್ಡಕ್ಕೇನೂ ಹೆಸರಿಡೋ ಹಾಗಿಲ್ಲ. ಆದ್ರೆ ಬಲು ಬೇಜಾರು."

"ಬೇಜಾರಾದ್ರೂ ಮೂಗು ಉಳಿಯುತ್ತಲ್ಲ," ಎನ್ನುತ್ತಾ ಹೊರಗಿದ್ದವರಲ್ಲೊಬ್ಬ ಒಳಗೆ ಬಂದು ಕುರ್ಚಿಯಲ್ಲಿ ಕೂತ.