ರಿತೇಶ್ ಕಳಿಸಿದ ರೀಲು

ಕಾಪುವಿನ ದೀಪಸ್ತಂಭದ ಬಂಡೆಯ ಮೇಲೆ ಗಾಳ ಹಾಕುವ ಗಂಡಸರಿಗೆ ಮೀನು ಸಿಗದಿದ್ದರೂ ಹೊತ್ತು ಹೋಗುತ್ತಿತ್ತು. ಮಾತಾಡಲು ಗಾಳದ ದಾರ ಸುತ್ತುವ ರೀಲು ಇತ್ತಲ್ಲ! ಜಪಾನಿನದ್ದು ಗಟ್ಟಿಯೋ ಕೊರಿಯಾದ್ದೋ, ಚೈನಾದ್ದು ಉಪ್ಪುನೀರಿಗೆ ಎಷ್ಟು ಕಾಲ ತಡೆದೀತು, ಒಳಗೆ ಬೇರಿಂಗ್ ಜಾಸ್ತಿ ಇದ್ದರೆ ಒಳ್ಳೆಯದೋ ಕಡಿಮೆ ಇದ್ದರೋ. ಭಾನುವಾರ ಬೆಳಿಗ್ಗೆ ಬಂಡೆಯ ಮೇಲೆ ಹುಟ್ಟಿದ ಚರ್ಚೆ ಬಿಸಿಲೇರಿದ ಮೇಲೆ ವಿಠಲನ ಮನೆಯ ಜಗಲಿಗೆ ಬಂದು ಕೂರುತ್ತಿತ್ತು. ಅದಕ್ಕೆ ಚಹಾ ಮಾಡಿಕೊಡುವ ಭಾಗ್ಯ ವಿಠಲನ ಹೆಂಡತಿ ಚಂಪಾಳದ್ದು.

ಚಂಪಾ ವಾರವಿಡೀ ಮಣಿಪಾಲದ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಆಯಾ. ಮೆಟ್ಟಿಲು ಗುಡಿಸಿ, ಬಕೆಟು ಹೊತ್ತು, ಬಸ್ಸು ಬದಲಿಸಿ ಮನೆ ಸೇರುವಾಗ ಸೊಂಟ ತನ್ನದಲ್ಲ ಎನಿಸುತ್ತಿತ್ತು. ವಿಠಲ ಉಡುಪಿ–ಕಾರ್ಕಳ ದಾರಿಯ ಖಾಸಗಿ ಬಸ್ಸಿನ ಕಂಡಕ್ಟರ್. ನಿಂತು ನಿಂತು ಅವನ ಮೊಣಕಾಲೂ ಅಷ್ಟಕ್ಕಷ್ಟೇ. ಇಬ್ಬರಿಗೂ ಇದ್ದದ್ದು ಒಂದು ಭಾನುವಾರ. ತನ್ನದನ್ನು ಅವನು ಸಮುದ್ರಕ್ಕೆ ಕೊಡುತ್ತಿದ್ದ, ಅವಳದ್ದನ್ನು ಅವನ ಗೆಳೆಯರು ಚಹಾದ ಜೊತೆ ಕುಡಿದು ಮುಗಿಸುತ್ತಿದ್ದರು.

ಆದರೂ ಬೇರೆಯವರ ರೀಲಿನ ಮಾತಾಗಿದ್ದರೆ ಚಂಪಾ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ವಿಠಲನ ಕೈಯಲ್ಲಿದ್ದ ರೀಲು ಅವಳ ತಮ್ಮ ರಿತೇಶ್ ದುಬೈಯಿಂದ ಕಳಿಸಿದ್ದು. ಬಜಗೋಳಿಯಲ್ಲಿ ತಾಯಿ ತೀರಿಕೊಂಡಾಗ ರಿತೇಶನಿಗೆ ಚಡ್ಡಿಯ ಗುಂಡಿ ಹಾಕಿಕೊಳ್ಳಲೂ ಬರುತ್ತಿರಲಿಲ್ಲ; ಸಾಕಿದವಳು ಚಂಪಾ. ಮದುವೆಯಾಗಿ ಕಾಪುವಿಗೆ ಬರುವಾಗ ಅವನನ್ನೂ ಕರೆದುಕೊಂಡೇ ಬಂದಳು. ಅವನು ಇಲ್ಲಿಂದಲೇ ಶಾಲೆಗೆ ಹೋದ, ಇಲ್ಲಿಂದಲೇ ದುಬೈಗೆ ಹೋದ. ಹೋದವನು ಮೊದಲ ಸಂಬಳದಲ್ಲಿ ಭಾವನಿಗೆಂದು ಕಳಿಸಿದ್ದು ಈ ರೀಲು. ಕಪ್ಪು ಮೈ, ಹೊಂಬಣ್ಣದ ಅಕ್ಷರ, ಪೆಟ್ಟಿಗೆಯ ಮೇಲೆ ಜಪಾನಿನ ಹೆಸರು. ಬಂಡೆಯ ಮೇಲೆ ಅದು ಕೈಯಿಂದ ಕೈಗೆ ಹೋಗಿತ್ತು. ಮಸ್ಕತ್ತಿನಿಂದ ಮರಳಿ ಬಂದಿದ್ದ ಜೋನ್ ಅದನ್ನು ಕಿವಿಗೆ ಹಿಡಿದು ತಿರುಗಿಸಿ, ಡಾಕ್ಟರರ ಹಾಗೆ ಕಣ್ಣು ಮುಚ್ಚಿ, "ಸದ್ದು ಒರಿಜಿನಲ್ಲಿನದ್ದೇ" ಎಂದು ತೀರ್ಪು ಕೊಟ್ಟಿದ್ದ.

ಆ ತೀರ್ಪು ಒಂದು ವರ್ಷವೂ ಬಾಳಲಿಲ್ಲ. ತೊಂಬತ್ತೊಂಬತ್ತರ ಜನವರಿಯಲ್ಲಿ ಕರಾವಳಿಗೆ ಅಪರೂಪದ ಚಳಿ ಬಿತ್ತು. ಬೆಳಕು ಹರಿಯುವ ಹೊತ್ತಿಗೆ ವಿಠಲನ ಗಾಳಕ್ಕೆ ದೊಡ್ಡ ಕೆಂಬೇರಿ ಮೀನು ಸಿಕ್ಕಿತು. ಬಂಡೆಯ ಮೇಲಿದ್ದವರೆಲ್ಲ ತಮ್ಮ ತಮ್ಮ ಗಾಳ ಬಿಟ್ಟು ಓಡಿ ಬಂದರು. ಮೀನು ಎಳೆದಾಗ ರೀಲು ಸ್ವಲ್ಪ ಸ್ವಲ್ಪವೇ ದಾರ ಬಿಟ್ಟುಕೊಡಬೇಕು. ಒಳ್ಳೆಯ ರೀಲಿನ ಗುಣವೇ ಅದು. ವಿಠಲನ ರೀಲು ಹಟ ಹಿಡಿದು ನಿಂತಿತು. ತಂಗೂಸಿ ದಾರ ಪಟ್ಟೆಂದು ಕಡಿಯಿತು, ಮೀನು ಹೋಯಿತು, ಗೆಳೆಯರ ನಗು ಉಳಿಯಿತು.

"ಇದೆಂತ ವಿಠಲಣ್ಣ, ಜಪಾನ್ ಚಳಿಗೆ ಮುದುಡಿತಾ?" ಎಂದ ಜೋನ್.

ಅವಮಾನದ ಬಿಸಿಯಲ್ಲಿ ವಿಠಲನ ಬಾಯಿ ಜಾರಿತು. "ಎಂತ ಜಪಾನ್ ಮಾರಾಯ! ಡೂಪ್ಲಿಕೇಟ್. ಫುಟ್‌ಪಾತಿನಲ್ಲಿ ತೆಗೆದು ಒರಿಜಿನಲ್ ಅಂತ ಕಳಿಸಿದ್ದಾನೆ ನನ್ನ ಭಾವಮೈದ."

ಜೋನನ ತಮ್ಮನೂ ದುಬೈಯಲ್ಲಿ, ರಿತೇಶನಿದ್ದ ಕೆಲಸಗಾರರ ಕ್ಯಾಂಪಿನಲ್ಲೇ. ಕಾಪುವಿನ ಬಂಡೆಯ ಮೇಲೆ ಆಡಿದ ಮಾತು ದುಬೈಯ ಕ್ಯಾಂಪಿಗೆ ಮುಟ್ಟಲು ಏನೂ ಕಷ್ಟವಾಗಲಿಲ್ಲ. ಮೊಬೈಲು ಇನ್ನೂ ಊರಿಗೆ ಬಾರದ ಕಾಲ. ರಿತೇಶ್ ಪ್ರತಿ ಶುಕ್ರವಾರ ಸಂಜೆ ಬೂತಿನಿಂದ ನೆರೆಮನೆಯ ಝೀಟಾ ಬಾಯಿಯ ಫೋನಿಗೆ ಕರೆ ಮಾಡುತ್ತಿದ್ದ. ಚಂಪಾ ಬಸ್ಸಿಳಿದವಳೇ ಅಲ್ಲಿಗೆ ಹೋಗಿ ಕೂರುತ್ತಿದ್ದಳು. ಆ ಶುಕ್ರವಾರ ಫೋನು ಬರಲಿಲ್ಲ. ಮುಂದಿನ ಶುಕ್ರವಾರವೂ ಇಲ್ಲ. ಆಮೇಲೆ ಜೋನನ ಬಾಯಿಂದಲೇ ಸುದ್ದಿ ಬಂತು: ರಿತೇಶನಿಗೆ ರಜೆ ಸಿಕ್ಕಿದೆ, ಬೇಸಗೆಯಲ್ಲಿ ಬರುತ್ತಾನೆ, ಕಾರ್ಕಳದ ಚಿಕ್ಕಮ್ಮನ ಮನೆಯಲ್ಲಿ ಇಳಿದುಕೊಳ್ಳುತ್ತಾನಂತೆ, ಕಾಪುವಿಗೆ ಕಾಲಿಡುವುದಿಲ್ಲವಂತೆ.

ಚಂಪಾಳಿಗೆ ಹೇಳಿಕೊಳ್ಳಲಾಗದ ಇನ್ನೊಂದು ಸಂಕಟವಿತ್ತು. ಗಂಡನ ಮಾತನ್ನು ಅವಳೂ ನಂಬಿದ್ದಳು. ತಮ್ಮ ಮೋಸ ಮಾಡುವವನಲ್ಲ, ಸರಿ. ಆದರೆ ಅವನು ಪಾಪದವನು, ಅಂಗಡಿಯವನು ಯಾರೋ ಟೋಪಿ ಹಾಕಿರಬೇಕು ಎಂದು ಅವಳ ಮನಸ್ಸು ಒಪ್ಪಿಬಿಟ್ಟಿತ್ತು. ಹಾಗೆ ಒಪ್ಪಿಕೊಂಡು ಝೀಟಾ ಬಾಯಿಯ ಮನೆಯ ಬೆಂಚಿನಲ್ಲಿ ಕೂತು, ಮೂಗನಂತಿದ್ದ ಫೋನನ್ನು ನೋಡುವುದು ಹಾಸ್ಟೆಲಿನ ಮೆಟ್ಟಿಲುಗಳಿಗಿಂತ ಹೆಚ್ಚು ದಣಿಸುತ್ತಿತ್ತು. ಕೊನೆಗೊಂದು ದಿನ, ಏನಾದರೊಂದು ತಿಳಿಯಲಿ ಎಂದು, ರೀಲನ್ನು ಬುತ್ತಿಯ ಚೀಲದೊಳಗೆ ಹಾಕಿಕೊಂಡು ಹೋದಳು. ಮಣಿಪಾಲದಿಂದ ಬರುವಾಗ ಕಡಿಯಾಳಿಯಲ್ಲಿ ಇಳಿದಳು.

ದೇವಸ್ಥಾನದ ಹತ್ತಿರದ ಓಣಿಯಲ್ಲಿ ಕಜೆಟನ್ ಎಂಬವನ ರಿಪೇರಿ ಅಂಗಡಿಯಿತ್ತು. ಹೊಲಿಗೆ ಯಂತ್ರ, ಗಡಿಯಾರ, ಫ್ಯಾನು, ಅದರ ನಡುವೆ ಉಡುಪಿ ಮಲ್ಪೆಯ ಶೋಕಿ ಗಾಳಗಾರರ ರೀಲುಗಳು. ಚಂಪಾ ಚೀಲದಿಂದ ರೀಲು ತೆಗೆದಿಟ್ಟು, "ಇದು ಒರಿಜಿನಲ್ಲಾ ಡೂಪ್ಲಿಕೇಟಾ, ಅಷ್ಟು ಹೇಳಿ ಸಾಕು" ಎಂದಳು.

ಕಜೆಟನ್ ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡ. "ಬರುವವರೆಲ್ಲ ಇದನ್ನೇ ಕೇಳುದು. ಯಾವ ಕಂಪೆನಿ ಒಳ್ಳೆದು, ಯಾವುದು ಗ್ಯಾರಂಟಿ? ಜಪಾನಿನದ್ದನ್ನು ಉಪ್ಪು ತೊಳೆಯದೆ ಇಟ್ರೆ ಒಂದು ಮಳೆಗಾಲಕ್ಕೆ ಮುಗೀತದೆ. ಚೈನಾದ್ದನ್ನು ತೊಳೆದು ಒರೆಸಿ ಇಟ್ರೆ ಅದಕ್ಕಿಂತ ಜಾಸ್ತಿ ಬರ್ತದೆ. ಕೊರಿಯಾದ್ದು ಎರಡರ ಮಧ್ಯೆ. ಹೇಳಿ ಹೇಳಿ ನನಗೆ ಸಾಕಾಗಿ ಹೋಗಿದೆ ಅಕ್ಕ." ಹೀಗೆನ್ನುತ್ತ ರೀಲನ್ನು ತಿರುಗಿಸಿ ನೋಡಿದವನು ಕೈ ನಿಲ್ಲಿಸಿದ. "ಇದು ನಾನು ಬಿಚ್ಚಿ ನೋಡಿದ್ದೇ ಅಲ್ವಾ? ಕಾರ್ಕಳ ಬಸ್ಸಿನ ಕಂಡಕ್ಟರ್ ವಿಠಲಣ್ಣನದ್ದು?"

"ನಾನು ಅವರ ಮನೆಯವಳು."

"ಹಾಗಾದ್ರೆ ನಿಮಗೆ ಗೊತ್ತೇ ಉಂಟಲ್ಲ! ಜನವರಿಯಲ್ಲೇ ಅವರಿಗೆ ಹೇಳಿದ್ದೇನೆ. ಪಕ್ಕಾ ಒರಿಜಿನಲ್. ಯಾರೋ ಪುಣ್ಯಾತ್ಮರು ಒಳಗೆ ತೆಂಗಿನೆಣ್ಣೆ ಬಿಟ್ಟಿದ್ದಾರೆ. ಹಳತಾದದ್ದು ಅಂಟು ಆಗಿತ್ತು, ಉಳಿದದ್ದು ಆ ಚಳಿಗೆ ತುಪ್ಪದ ಹಾಗೆ ಗಟ್ಟಿಯಾಗಿತ್ತು. ಮತ್ತೆ ದಾರ ಬಿಡುದು ಹೇಗೆ? ಇದಕ್ಕೆ ಮೆಷಿನ್ ಎಣ್ಣೆ ಹಾಕ್ಬೇಕು. ಆಗಲೇ ತೊಳೆದು ಕೊಟ್ಟಿದ್ದೇನೆ, ಈಗ ಏನೂ ತೊಂದರೆ ಇಲ್ಲ."

ಆ ಪುಣ್ಯಾತ್ಮೆ ಚಂಪಾಳೇ. ಮಳೆಗಾಲದಲ್ಲಿ ಗಂಡ ರೀಲನ್ನು ಅಟ್ಟಕ್ಕೆಸೆದು ಮರೆತಿದ್ದ. ತಮ್ಮ ಕಳಿಸಿದ ವಸ್ತು ತುಕ್ಕು ಹಿಡಿಯುತ್ತದಲ್ಲ ಎಂದು ಇಳಿಸಿ, ಕೋಳಿಪುಕ್ಕ ಅದ್ದಿ ಅದ್ದಿ ಸಂದುಸಂದಿಗೂ ಎಣ್ಣೆ ಬಿಟ್ಟಿದ್ದಳು. ಬಾಗಿಲ ತಿರುಗಣೆಗೆ, ಬಾವಿಯ ರಾಟೆಗೆ, ತುರಿಮಣೆಗೆ, ಮನೆಯಲ್ಲಿ ಕಬ್ಬಿಣ ಅಂತ ಇರುವುದಕ್ಕೆಲ್ಲ ಅವಳು ಬಿಡುತ್ತಿದ್ದದ್ದು ತೆಂಗಿನೆಣ್ಣೆಯೇ. ಬೇರೆ ಎಣ್ಣೆಯ ಯೋಚನೆಯೇ ಬಂದಿರಲಿಲ್ಲ. ಆದರೆ ತನ್ನ ತಪ್ಪಿಗಿಂತ ಅವಳನ್ನು ಚುಚ್ಚಿದ್ದು ಇನ್ನೊಂದು ಮಾತು: ವಿಠಲನಿಗೆ ಜನವರಿಯಿಂದಲೇ ಗೊತ್ತಿತ್ತು.

ಮನೆಗೆ ಬಂದವಳು ಸೀರೆ ಕೂಡ ಬದಲಿಸಲಿಲ್ಲ. ವಿಠಲ ಮೊಣಕಾಲಿಗೆ ಬಿಸಿನೀರಿನ ಬಟ್ಟೆ ಕಟ್ಟಿಕೊಂಡು ಕೂತಿದ್ದ. ರೀಲನ್ನು ಅವನ ಮುಂದಿಟ್ಟಳು.

"ಕಜೆಟನ್ ಎಲ್ಲಾ ಹೇಳಿದ. ಗೊತ್ತಿದ್ದೂ ನನ್ನ ತಮ್ಮನ ಮರ್ಯಾದೆ ತೆಗೆದದ್ದು ಯಾಕೆ?"

ವಿಠಲ ತುಂಬಾ ಹೊತ್ತು ಬಟ್ಟೆಯನ್ನೇ ಸರಿಮಾಡುತ್ತಿದ್ದ. "ಗೊತ್ತಾಗುವ ಮೊದಲೇ ಬಾಯಿಂದ ಹೋಗಿತ್ತು ಮಾರಾಯ್ತಿ. ಆಮೇಲೆ ಹೋಗಿ, ನನ್ನ ಹೆಂಡತಿ ರೀಲಿಗೆ ತೆಂಗಿನೆಣ್ಣೆ ಹಾಕಿದ್ದಾಳೆ ಅಂತ ಹೇಳ್ಬೇಕಿತ್ತಾ? ಆ ಜೋನ್ ಗೊತ್ತುಂಟಲ್ಲ ನಿನಗೆ. ಸಾಯುವವರೆಗೆ ನಿನ್ನನ್ನು ಆಡಿಕೊಳ್ತಿದ್ದ. ರಿತೇಶ್ ಎಲ್ಲೋ ದೂರ ಇದ್ದಾನೆ, ಅವನಿಗೆ ತಾಗ್ಲಿಕ್ಕಿಲ್ಲ ಅಂತ ಬಿಟ್ಟೆ."

"ತಾಗಿತಲ್ಲ. ಅವನು ಫೋನು ನಿಲ್ಲಿಸಿದ ಮೇಲಾದ್ರೂ ಹೇಳ್ಬಹುದಿತ್ತಲ್ಲ?"

"ಆಗ ಹೇಳಿದ್ರೆ ಸುಳ್ಳು ಹೇಳಿದವ ನಾನು ಅಂತ ಆಗ್ತಿತ್ತು. ಮೊದಲು ನಿನ್ನ ಮಾನ ಅಂತ ಸುಮ್ಮನಿದ್ದೆ. ಆಮೇಲೆ ನನ್ನದು."

ಅಷ್ಟು ಪ್ರಾಮಾಣಿಕವಾಗಿ ಅವನು ಹೇಳದೆ ಇದ್ದಿದ್ದರೆ ಚಂಪಾ ಕೂಗಾಡುತ್ತಿದ್ದಳೋ ಏನೋ. ಆದರೆ ಕೂಗಾಡಲೂ ಮೈಯಲ್ಲಿ ತ್ರಾಣ ಬೇಕು. "ಭಾನುವಾರ ನಾನೂ ಬಂಡೆಗೆ ಬರ್ತೇನೆ" ಎಂದಷ್ಟೇ ಹೇಳಿ ಅನ್ನಕ್ಕಿಡಲು ಹೋದಳು.

ಮದುವೆಯಾಗಿ ಇಷ್ಟು ವರ್ಷವಾದರೂ ಅವಳು ಗಾಳ ಹಾಕುವವರ ಬಂಡೆ ಹತ್ತಿರಲಿಲ್ಲ. ಹತ್ತಿದ ದಿನ ಗಂಡಸರು ಮಾತು ನಿಲ್ಲಿಸಿ ಲುಂಗಿ ಸರಿಮಾಡಿಕೊಂಡರು. ಚಂಪಾ ಸುತ್ತುಬಳಸಿ ಮಾತಾಡುವವಳಲ್ಲ. "ರಿತೇಶ್ ಕಳಿಸಿದ್ದು ಒರಿಜಿನಲ್ ರೀಲು. ತೆಂಗಿನೆಣ್ಣೆ ಹಾಕಿ ಹಾಳು ಮಾಡಿದ್ದು ನಾನು. ಜೋನಣ್ಣ, ಆ ಸುದ್ದಿ ದುಬೈಗೆ ಮುಟ್ಟಿಸಿದ ಹಾಗೆ ಇದನ್ನೂ ಮುಟ್ಟಿಸಿ."

ಯಾರೂ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ವಾಸಿಯಿತ್ತು. ಜೋನ್ ಮರುಕದಿಂದ ತಲೆಯಾಡಿಸಿದ. "ಚಂಪಕ್ಕ, ತಮ್ಮ ಅಂದ್ರೆ ಕರುಳು ಅಲ್ವಾ, ನಿಮಗೆ ಹೇಳ್ಬೇಕು ಅಂತ ಆಗ್ತದೆ. ನಮಗೆ ಅರ್ಥ ಆಗ್ತದೆ, ಬಿಡಿ."

ನಿಜ ಹೇಳಿದರೂ ಸುಳ್ಳಾಗುತ್ತದೆ ಎಂಬುದನ್ನು ಚಂಪಾ ಎಣಿಸಿರಲಿಲ್ಲ. ಅವಳು ಗಂಡನ ಕಡೆ ನೋಡಿದಳು. ಎಲ್ಲರೂ ನೋಡಿದರು. ವಿಠಲ ಗಾಳಕ್ಕೆ ಸಿಗಡಿ ಸಿಕ್ಕಿಸುತ್ತಿದ್ದ. ಸಿಕ್ಕಿಸಿ ಮುಗಿದಿದ್ದರೂ ಅವನ ಬೆರಳು ಅಲ್ಲೇ ಆಡುತ್ತಿತ್ತು. ತಪ್ಪಿಸಿಕೊಳ್ಳುತ್ತಾನೆ ಎಂದು ಅವಳಿಗೆ ಖಾತ್ರಿಯಾಗತೊಡಗಿದಾಗ ಅವನು ತಲೆಯೆತ್ತದೆ ಬಾಯಿಬಿಟ್ಟ.

"ಅವಳು ಹೇಳಿದ್ದು ಸರಿ. ಕಡಿಯಾಳಿಯಲ್ಲಿ ಬಿಚ್ಚಿಸಿ ನೋಡಿದ್ದೇನೆ. ಗೊತ್ತಿದ್ದೂ ನಿಮ್ಮ ಹತ್ರ ಡೂಪ್ಲಿಕೇಟ್ ಅಂತಲೇ ಹೇಳಿಕೊಂಡು ಬಂದೆ. ರೀಲಿನದ್ದೂ ರಿತೇಶನದ್ದೂ ಎಂತ ತಪ್ಪಿಲ್ಲ."

ಆಗ ಬಿತ್ತು ನಗು. ಒಬ್ಬ ಸಾಸಿವೆ, ಕರಿಬೇವೂ ಹಾಕಿದ್ದೀರಾ ಎಂದು ಕೇಳಿದ. ಇನ್ನೊಬ್ಬ, ಸದ್ದು ಕೇಳಿ ಒರಿಜಿನಲ್ ಎಂದ ಡಾಕ್ಟರರು ಆಮೇಲೆ ಪಕ್ಷ ಬದಲಿಸಿದ್ದು ಯಾಕೆಂದು ಜೋನನನ್ನೇ ಹಿಡಿದುಕೊಂಡ. ಚಂಪಾ ಬಂಡೆ ಇಳಿದು ಮನೆಗೆ ಬಂದಳು. ಆ ಭಾನುವಾರ ಯಾರೂ ಜಗಲಿಗೆ ಚಹಾಕ್ಕೆ ಬರಲಿಲ್ಲ, ಅವಳು ಮಧ್ಯಾಹ್ನದವರೆಗೆ ಮಲಗಿದಳು.

ಶುಕ್ರವಾರ ಸಂಜೆ ಅವಳು ಝೀಟಾ ಬಾಯಿಯ ಮನೆಯ ಬೆಂಚಿನಲ್ಲಿ ಕೂತು ತೂಕಡಿಸುತ್ತಿದ್ದಾಗ ಫೋನು ಬಡಿದುಕೊಂಡಿತು. ಝೀಟಾ ಬಾಯಿ ರಿಸೀವರ್ ಎತ್ತಿ ಅವಳ ಕೈಗೆ ಕೊಟ್ಟು ಒಳಗೆ ಹೋದರು.

"ಅಕ್ಕ," ಎಂದ ರಿತೇಶ್. ಆಮೇಲೆ ಬರೀ ಗೊರಗೊರ ಸದ್ದು. "ಜೋನನ ತಮ್ಮ ಹೇಳಿದ."

"ಹೌದು ಮಗಾ. ಎಣ್ಣೆ ಹಾಕಿದ್ದು ನಾನು. ಭಾವನೂ ಎಲ್ಲರ ಎದುರು ಒಪ್ಪಿಕೊಂಡರು."

"ಭಾವ ಹೇಳಿದ್ದು ನನಗೆ ದೊಡ್ಡದಲ್ಲ. ಬಂಡೆಯ ಮೇಲೆ ನಾಲ್ಕು ಜನ ಸೇರಿದ್ರೆ ಏನೇನೋ ಹೇಳ್ತಾರೆ. ನೀನು ಹೇಳು. ನೀನೂ ಡೂಪ್ಲಿಕೇಟ್ ಅಂತ ನಂಬಿದ್ದೆಯಾ?"

ಇಲ್ಲ ಎಂದುಬಿಟ್ಟರೆ ಎಲ್ಲ ಸರಿಹೋಗುತ್ತಿತ್ತು. ಸಾವಿರ ಮೈಲಿಯಾಚೆ ಇರುವವನು ಮುಖ ನೋಡಲಾರ. ಆದರೆ ಒಂದು ಸುಳ್ಳನ್ನು ಹೊತ್ತು ತಿರುಗಿದವನ ಮೊಣಕಾಲು, ಮುಖ ಎರಡನ್ನೂ ಅವಳು ಮನೆಯಲ್ಲಿ ದಿನಾ ನೋಡುತ್ತಿದ್ದಳು. ಅವಳಿಗೆ ಅಷ್ಟು ಹೊರುವ ಶಕ್ತಿ ಇರಲಿಲ್ಲ.

"ನಂಬಿದ್ದೆ," ಎಂದಳು. "ನೀನು ಮೋಸ ಮಾಡಿದ್ದೀ ಅಂತಲ್ಲ. ನಿನಗೆ ಯಾರೋ ಮೋಸ ಮಾಡಿದ್ದಾರೆ ಅಂತ. ಆದ್ರೂ ನಂಬಿದ್ದೆ ಮಗಾ."

ಫೋನಿಟ್ಟನೆಂದೇ ಅವಳಿಗನಿಸಿತು. ರಿಸೀವರನ್ನು ಕಿವಿಗೆ ಒತ್ತಿ ಹಿಡಿದು ನಿಂತಳು.

"ನನಗೂ ಗ್ಯಾರಂಟಿ ಇರ್ಲಿಲ್ಲ ಅಕ್ಕ," ಎಂದ ರಿತೇಶ್ ಕೊನೆಗೆ. "ದೊಡ್ಡ ಅಂಗಡಿಗೆ ಹೋಗುವಷ್ಟು ಸಂಬಳ ಆಗ ಇರ್ಲಿಲ್ಲ. ಗಲ್ಲಿಯ ಅಂಗಡಿಯಲ್ಲಿ ತೆಗೆದದ್ದು. ಕಳಿಸಿದ ದಿನದಿಂದ ಹೆದರಿಕೊಂಡೇ ಇದ್ದೆ. ಭಾವ ಹಾಗೆ ಹೇಳಿದ್ದು ಕೇಳಿದಾಗ, ಸಿಕ್ಕಿಬಿದ್ದೆ ಅಂತಲೇ ಆಯ್ತು. ಅದಕ್ಕೇ ಅಷ್ಟು ಸಿಟ್ಟು ಬಂದದ್ದು."

ಚಂಪಾಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಕ್ಕನೂ ತಮ್ಮನೂ ಒಂದು ರೀಲನ್ನು ನಂಬದೆ ಬೇಸಗೆಯವರೆಗೆ ಬಂದಿದ್ದರು. ಅವಳು ಬೆಂಚಿನ ಮೇಲೆ ಕೂತು, ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಕಾರ್ಕಳಕ್ಕೆ ಹೋಗ್ತೀಯಾ, ಇಲ್ಲಿಗೆ ಬರ್ತೀಯಾ?"

"ಬರ್ತೇನೆ ಅಲ್ಲಿಗೇ. ಮೀನು ಮಾತ್ರ ಪೇಟೆಯಿಂದ ತರ್ಲಿಕ್ಕೆ ಹೇಳು ಭಾವನಿಗೆ."